ಸ್ಕ್ಯಾನಿಂಗ್ ಎಂದರೆ ಬಸುರಿಯರಿಗಷ್ಟೇ ಅಲ್ಲ



ಕಳೆದ ತಿಂಗಳು ಕೃಷ್ಣರಾಜನಗರದ ಬಳಿಯ ಹಳ್ಳಿಯಲ್ಲಿರುವ ನನ್ನ ಅಕ್ಕನನ್ನು ಹುಣಸೂರಿಗೆ ಕರೆದುಕೊಂಡು ಹೋಗಬೇಕಾದ ಪ್ರಸಂಗ ಬಂದಿತು. ಎಪ್ಪತ್ತೆಂಟು ವರ್ಷದ ಆಕೆಯ ಕುತ್ತಿಗೆಯ ಮುಂಭಾಗದಲ್ಲಿ, ತುಸು ಬಲಕ್ಕೆ, ಹುಣಸೆಬೀಜದಷ್ಟು ಗಾತ್ರದ ಗಂಟೊಂದು ಕಾಣಿಸಿಕೊಂಡಿತ್ತು. ನೋವಿಲ್ಲ, ನುಂಗಲು ತೊಂದರೆಯಿಲ್ಲ. ಊರಿನ ವೈದ್ಯರು ಬೆರಳಿನಿಂದ ಮುಟ್ಟಿ ನೋಡಿ, "ಒಂದು ಸ್ಕ್ಯಾನಿಂಗ್ ಮಾಡಿಸಿಬಿಡಿ" ಎಂದರು. ಅಕ್ಕ ಸುತರಾಂ ಒಪ್ಪಲಿಲ್ಲ. "ಮೊಮ್ಮಗಳು ಬಸುರಿಯಾಗಿರೋ ಹೊತ್ತಲ್ಲಿ ನಾನು ಹೋಗಿ ಸ್ಕ್ಯಾನಿಂಗ್‌ಗೆ ಕೂತರೆ ಊರೋರು ನಗೋದಿಲ್ವೇನೋ?" ಎಂಬುದು ಆಕೆಯ ಪ್ರಶ್ನೆ.

ನಾನು ನಕ್ಕೆನಾದರೂ ಆ ಪ್ರಶ್ನೆಯಲ್ಲಿ ಅರ್ಥವಿತ್ತು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ, ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ಸ್ಕ್ಯಾನಿಂಗ್ ಎಂಬ ಮಾತಿಗೆ ಒಂದೇ ಅರ್ಥ. ಅಲ್ಲಿಗೆ ಹೋದವಳು ಬಸುರಿ. ಹೆಚ್ಚೆಂದರೆ ಮೂತ್ರಪಿಂಡದ ಕಲ್ಲಿನವರು ಹೋದಾರು. ಕುತ್ತಿಗೆ, ಕಪೋಲದ ಜೊಲ್ಲುಗ್ರಂಥಿ, ಸ್ತನ, ವೃಷಣ, ಕಂಕುಳ ಗಂಟು ಮುಂತಾದ ಮೇಲ್ಪದರದ ಸಣ್ಣ ಅಂಗಗಳನ್ನೂ ಅದೇ ಯಂತ್ರದಿಂದ ನೋಡಬಹುದೆಂಬ ತಿಳಿವಳಿಕೆ ನಮ್ಮಲ್ಲಿ ಕಡಿಮೆ. ಈ ಅಂಗಗಳನ್ನು ನೋಡುವ ವಿದ್ಯೆ ನಮ್ಮ ತಾಲ್ಲೂಕುಗಳಲ್ಲಿ ಬೇರೂರಬೇಕು, ಮತ್ತು ಅದನ್ನು ಸರಿಯಾಗಿ ಕಲಿತವರೇ ಮಾಡಬೇಕು ಎಂಬುದು ಈ ಬರಹದ ಒಟ್ಟು ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಒಂದೊಂದಾಗಿ ನಿವೇದಿಸುತ್ತೇನೆ.

ಹುಣಸೂರಿನಲ್ಲಿ ನಮ್ಮನ್ನು ಪರೀಕ್ಷಿಸಿದ ವಿಕಿರಣ ತಜ್ಞ ನನ್ನ ಹಳೆಯ ಶಿಷ್ಯನೇ. ಹೆಸರು ಹಾಕಬೇಡಿ ಎಂದು ಆತ ಕೇಳಿಕೊಂಡಿದ್ದಾನೆ. ಗೋಡೆಯ ಮೇಲೆ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲವೆಂಬ ಫಲಕವಿತ್ತು. ಅಕ್ಕ ಅದನ್ನು ಓದಿ ನನ್ನ ಕಡೆ ನೋಡಿದಳು. ಆತ ಆಕೆಯ ಹೆಗಲ ಕೆಳಗೊಂದು ದಿಂಬಿಟ್ಟು, ಕುತ್ತಿಗೆ ಹಿಂದಕ್ಕೆ ಬಾಗುವಂತೆ ಮಲಗಿಸಿ, ತಣ್ಣನೆಯ ಜೆಲ್ ಹಚ್ಚಿ, ಸೋಪಿನ ಬಿಲ್ಲೆಯಷ್ಟು ಅಗಲದ ಚಪ್ಪಟೆ ಬಾಯಿಯ ಶೋಧಕವನ್ನು ಕುತ್ತಿಗೆಗೆ ತಾಗಿಸಿದ. ಪರದೆಯ ಮೇಲೆ ಬೂದುಬಣ್ಣದ ಚಿತ್ರವೊಂದು ಮೂಡಿತು. "ಸಾರ್, ಎಂಟನೇ ತರಗತಿಯಲ್ಲಿ ನೀವು ಪ್ರತಿಧ್ವನಿ ಪಾಠ ಮಾಡಿದ್ದಿರಿ. ಇದು ಅದೇ ಪಾಠ," ಎಂದ.

ನನ್ನ ತರಗತಿಯಲ್ಲಿ ಕುಳಿತವರಿಗೆ ನೆನಪಿರಬಹುದು. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ನಮ್ಮ ಕಿವಿ ಎರಡು ಶಬ್ದಗಳನ್ನು ಬೇರೆಬೇರೆಯಾಗಿ ಗುರುತಿಸಬೇಕಾದರೆ ನಡುವೆ ಸೆಕೆಂಡಿನ ಹತ್ತನೆಯ ಒಂದು ಭಾಗವಾದರೂ ಬೇಕು. ಆದುದರಿಂದ ಪ್ರತಿಧ್ವನಿ ಕೇಳಲು ಗೋಡೆ ಕನಿಷ್ಠ 17 ಮೀಟರ್ ದೂರವಿರಬೇಕು. ದೇಹದ ಮೃದು ಅಂಗಾಂಶದಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1540 ಮೀಟರ್. ಚರ್ಮದಿಂದ ಒಂದೂವರೆ ಸೆಂಟಿಮೀಟರ್ ಆಳದ ಗಂಟಿಗೆ ತಾಗಿ ಶಬ್ದ ಮರಳಿ ಬರಲು ಸೆಕೆಂಡಿನ ಐವತ್ತು ಸಾವಿರದ ಒಂದು ಪಾಲು ಸಾಕು. ಕಿವಿಗೆ ಅಸಾಧ್ಯವಾದ ಈ ಲೆಕ್ಕವನ್ನು ಯಂತ್ರ ಮಾಡುತ್ತದೆ. ಯಾವ ಪ್ರತಿಧ್ವನಿ ಎಷ್ಟು ಹೊತ್ತಿಗೆ ಬಂದಿತೆಂಬುದರಿಂದ ಆಳವನ್ನೂ, ಎಷ್ಟು ಜೋರಾಗಿ ಬಂದಿತೆಂಬುದರಿಂದ ಬೆಳಕಿನ ಚುಕ್ಕೆಯ ಹೊಳಪನ್ನೂ ನಿರ್ಧರಿಸಿ ಚಿತ್ರ ಕಟ್ಟುತ್ತದೆ. ಚರ್ಮಕ್ಕೂ ಶೋಧಕಕ್ಕೂ ನಡುವೆ ಗಾಳಿಯ ತೆಳುಪದರ ಉಳಿದರೂ ಶಬ್ದ ಅಲ್ಲಿಂದಲೇ ಹಿಂದಿರುಗಿಬಿಡುತ್ತದೆ. ಜೆಲ್ ಹಚ್ಚುವುದು ಆ ಗಾಳಿಯನ್ನು ಹೊರಗಿಡಲು. ಇದರಲ್ಲಿ ಎಕ್ಸ್-ರೇ ಇಲ್ಲವೆಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ.

ಹೊಟ್ಟೆಯ ಆಳವನ್ನು ನೋಡಲು 3ರಿಂದ 5 ಮೆಗಾಹರ್ಟ್ಸ್ ಆವೃತ್ತಿಯ ಶಬ್ದ ಬಳಸುತ್ತಾರೆ. ಮೇಲ್ಪದರದ ಅಂಗಗಳಿಗೆ 7ರಿಂದ 15 ಮೆಗಾಹರ್ಟ್ಸ್, ಕೆಲವೊಮ್ಮೆ ಅದಕ್ಕೂ ಹೆಚ್ಚು. ಆವೃತ್ತಿ ಹೆಚ್ಚಿದಷ್ಟೂ ತರಂಗದೂರ ಕಿರಿದಾಗುತ್ತದೆ. 10 ಮೆಗಾಹರ್ಟ್ಸ್‌ನಲ್ಲಿ ಅದು ಸುಮಾರು 0.15 ಮಿಲಿಮೀಟರ್ ಮಾತ್ರ. ಆದಕಾರಣ ಅತಿಸೂಕ್ಷ್ಮ ವಿವರಗಳೂ ಕಾಣುತ್ತವೆ. ಆದರೆ ಅಂಥ ಶಬ್ದ ಬೇಗ ಸೋಲುತ್ತದೆ, ನಾಲ್ಕೈದು ಸೆಂಟಿಮೀಟರ್ ಆಳಕ್ಕಿಂತ ಕೆಳಗೆ ಚೆನ್ನಾಗಿ ಇಳಿಯುವುದಿಲ್ಲ. ಥೈರಾಯ್ಡ್, ಸ್ತನ, ವೃಷಣಗಳೆಲ್ಲ ಚರ್ಮಕ್ಕೆ ಹತ್ತಿರವಿರುವುದರಿಂದ ಈ ಕೊರತೆ ಅಲ್ಲಿ ಬಾಧಿಸುವುದಿಲ್ಲ.

ಇನ್ನೊಂದು ಸ್ವಾರಸ್ಯವಿದೆ. ಸ್ಕ್ಯಾನಿಂಗ್ ಮೊದಲಿನಿಂದಲೂ ಬಸುರಿಯರದೆಂದು ನಾವು ಭಾವಿಸಿದ್ದೇವೆ. ಚರಿತ್ರೆ ಹಾಗಿಲ್ಲ. 1950ರ ದಶಕದ ಆರಂಭದಲ್ಲಿಯೇ ಅಮೆರಿಕದ ಮಿನೆಸೋಟದಲ್ಲಿ ಜಾನ್ ವೈಲ್ಡ್ ಎಂಬ ಇಂಗ್ಲಿಷ್ ಶಸ್ತ್ರವೈದ್ಯ, ಜಾನ್ ರೀಡ್ ಎಂಬ ಇಂಜಿನಿಯರನೊಡನೆ, 15 ಮೆಗಾಹರ್ಟ್ಸ್ ಶಬ್ದದಿಂದ ಸ್ತನದ ಗಂಟುಗಳನ್ನು ಪರೀಕ್ಷಿಸಿದ್ದ. ಗ್ಲಾಸ್ಗೋ ನಗರದ ಪ್ರಸೂತಿ ತಜ್ಞ ಇಯಾನ್ ಡೊನಾಲ್ಡ್ 1955ರಲ್ಲಿ ಬಾಯ್ಲರ್ ಕಾರ್ಖಾನೆಯೊಂದರಲ್ಲಿ ಲೋಹದ ಬಿರುಕು ಹುಡುಕುವ ಯಂತ್ರವನ್ನು ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗೆಡ್ಡೆಗಳ ಮೇಲೆ ಪ್ರಯೋಗಿಸಿ ನೋಡಿದ್ದು, 1958ರಲ್ಲಿ ತನ್ನ ಪ್ರಸಿದ್ಧ ಪ್ರಬಂಧ ಪ್ರಕಟಿಸಿದ್ದು ಅದರ ನಂತರ.

ಆದರೆ ಯಂತ್ರ ಬಂದ ಮಾತ್ರಕ್ಕೆ ವಿದ್ಯೆ ಬರುವುದಿಲ್ಲ. ಇದನ್ನು ನಮ್ಮ ಸೀಮೆಯ ಹೊಗೆಸೊಪ್ಪಿನ ಬೆಳೆಗಾರರಿಗೆ ವಿವರಿಸಬೇಕಾಗಿಲ್ಲ. ಬ್ಯಾರನ್ನಿನಲ್ಲಿ ಉಷ್ಣಮಾಪಕ ಎಲ್ಲರಿಗೂ ಒಂದೇ. ಆದರೆ ಎಲೆ ಹಳದಿಗೆ ತಿರುಗಿದ್ದು ಸಾಕೇ, ನಡುನಾರು ಒಣಗಿತೇ ಎಂಬುದನ್ನು ಕಣ್ಣೂ ಕೈಯೂ ಕೂಡಿ ಹೇಳಬೇಕು. ಚುಂಚನಕಟ್ಟೆಯ ಜಾತ್ರೆಯಲ್ಲಿ ಎತ್ತಿನ ಹಲ್ಲು ಎಣಿಸುವುದನ್ನು ಯಾರು ಬೇಕಾದರೂ ಕಲಿತಾರು. ಎತ್ತನ್ನು ತಿಳಿಯಲು ಹಿರಿಯರ ಜೊತೆ ಹತ್ತು ಜಾತ್ರೆ ತಿರುಗಬೇಕು.

ನೀನು ಹೇಗೆ ಕಲಿತೆಯೆಂದು ಶಿಷ್ಯನನ್ನು ಕೇಳಿದೆ. ಆತ ಹೇಳಿದ್ದು ಹೀಗೆ: "ಮೊದಲ ವಾರ ನನ್ನ ಕುತ್ತಿಗೆಯನ್ನೇ ನಾನು ನೋಡಿಕೊಂಡೆ ಸಾರ್. ಎಲ್ಲಿ ಶ್ವಾಸನಾಳ, ಎಲ್ಲಿ ಮಿಡಿಯುವ ಅಪಧಮನಿ, ಎಲ್ಲಿ ಒತ್ತಿದರೆ ಚಪ್ಪಟೆಯಾಗುವ ಅಭಿಧಮನಿ. ಕೈ ಭಾರ ಮಾಡಿದರೆ ಅಭಿಧಮನಿ ಕಾಣೆಯಾಗಿಬಿಡುತ್ತದೆ. ಹಾಗಾಗಿ ಮೊದಲು ಕಲಿಯಬೇಕಾದದ್ದು ಕೈ ಹಗುರ ಮಾಡುವುದು. ಆಮೇಲೆ, ನೋವಿರುವ ಕಡೆ ನೋಡುವ ಮೊದಲು ನೋವಿಲ್ಲದ ಕಡೆ ನೋಡುವುದು. ದೇವರು ಎರಡು ಕೊಟ್ಟಿರುವ ಅಂಗವನ್ನು ಎರಡನ್ನೂ ಹೋಲಿಸಿಯೇ ನೋಡಬೇಕು. ಏನೇ ಕಂಡರೂ ಅಡ್ಡಕ್ಕೊಮ್ಮೆ ಉದ್ದಕ್ಕೊಮ್ಮೆ ನೋಡಿ ಅಳೆಯಬೇಕು. ಒಂದೇ ದಿಕ್ಕಿನಲ್ಲಿ ನೋಡಿದರೆ ರಕ್ತನಾಳವೂ ಗಂಟಿನಂತೆ ಕಾಣುತ್ತದೆ."

ನಾವು ಮಕ್ಕಳಿಗೆ ಅಕ್ಷರ ಕಲಿಸುವುದೂ ಹೀಗೆಯೇ ಅಲ್ಲವೇ? ಪರದೆಯ ಮೇಲಿನ ಅಕ್ಷರಮಾಲೆಯನ್ನೂ ಆತ ಸಂಕ್ಷೇಪವಾಗಿ ತಿಳಿಸಿದ. ಅಪ್ಪಟ ನೀರು ಕಪ್ಪಾಗಿ ಕಾಣುತ್ತದೆ, ಅದರ ಹಿಂದಿನ ಭಾಗ ಹೆಚ್ಚು ಬೆಳಗುತ್ತದೆ. ಕಲ್ಲು ಬೆಳ್ಳಗಿದ್ದು ಹಿಂದೆ ನೆರಳು ಬೀಳಿಸುತ್ತದೆ. ಆರೋಗ್ಯವಾದ ದುಗ್ಧಗ್ರಂಥಿ ಅವರೆಕಾಳಿನ ಆಕಾರದಲ್ಲಿದ್ದು ನಡುವೆ ಬಿಳಿಯ ತಿರುಳು ತೋರುತ್ತದೆ. ತಿರುಳು ಮಾಯವಾಗಿ ಗೋಲಿಯಂತೆ ದುಂಡಗಾದರೆ ಸಂದೇಹಿಸಬೇಕು.

ಈ ಕೊನೆಯ ಅಕ್ಷರವನ್ನು ನಮ್ಮ ಸೀಮೆಯವರು ವಿಶೇಷವಾಗಿ ಗಮನಿಸಬೇಕು. ಈ ನಾಲ್ಕು ತಾಲ್ಲೂಕುಗಳು ವರ್ಜೀನಿಯಾ ತಂಬಾಕಿನ ನೆಲ. ಮಾರುವುದು ಹರಾಜು ಕಟ್ಟೆಗಾದರೂ, ಎಲೆಯಡಿಕೆಯೊಡನೆ ಹೊಗೆಸೊಪ್ಪು, ಕಡ್ಡಿಪುಡಿ ಹಾಕಿಕೊಳ್ಳುವ ಅಭ್ಯಾಸ ನಮ್ಮ ಮನೆಗಳಲ್ಲಿ ಹಳೆಯದು. ಬಾಯಿಯ ಕ್ಯಾನ್ಸರ್ ಹರಡುವಾಗ ಸಾಮಾನ್ಯವಾಗಿ ಮೊದಲು ತಲುಪುವುದು ಕುತ್ತಿಗೆಯ ದುಗ್ಧಗ್ರಂಥಿಗಳನ್ನು. ಇನ್ನು ಹಿರಿಯರು ಗಂಡಮಾಲೆಯೆಂದು ಕರೆಯುತ್ತಿದ್ದ ಕುತ್ತಿಗೆಯ ಗಂಟುಗಳಲ್ಲಿ ಬಹುಪಾಲು ಕ್ಷಯರೋಗವೇ. ಒಂದಕ್ಕೆ ಶಸ್ತ್ರಚಿಕಿತ್ಸೆ ಮತ್ತು ವಿಕಿರಣ ಬೇಕು, ಇನ್ನೊಂದು ತಿಂಗಳುಗಟ್ಟಲೆ ಮಾತ್ರೆ ನುಂಗಿದರೆ ಗುಣವಾಗುತ್ತದೆ. ಬೆರಳಿಗೆ ಎರಡೂ ಗಂಟುಗಳೇ. ಕಲಿತ ಕಣ್ಣು ಯಾವ ಗಂಟಿಗೆ ಸೂಜಿ ಹಾಕಿ ತುಣುಕು ತೆಗೆಯಬೇಕೆಂದು ತೋರಿಸಿಕೊಡುತ್ತದೆ, ಸೂಜಿಯ ತುದಿಯನ್ನು ಸರಿಯಾದ ಜಾಗಕ್ಕೆ ಒಯ್ಯುತ್ತದೆ. ನಿರ್ಣಯ ಸೂಕ್ಷ್ಮದರ್ಶಕದ್ದು.

ಈಗ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕಾಗಿದೆ. 1986ರ ಮಾತು. ಪಿರಿಯಾಪಟ್ಟಣ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿದ್ದೆ. ಅರ್ಧವಾರ್ಷಿಕ ಪರೀಕ್ಷೆ, ಗಣಿತದ ದಿನ. ವಿದ್ಯಾರ್ಥಿನಿಲಯದ ಒಂಬತ್ತನೇ ತರಗತಿಯ ಹುಡುಗನೊಬ್ಬ ಬಾಗಿಕೊಂಡೇ ಬಂದು "ಹೊಟ್ಟೆನೋವು ಸಾರ್" ಎಂದ. ಲೆಕ್ಕದ ಭಯವೆಂದು ತಿಳಿದು, ಕುಳಿತು ಬರೆ ಎಂದೆ. ಒಂದು ಗಂಟೆ ಕುಳಿತಿದ್ದು ಹೊರಗೆ ಹೋಗಿ ವಾಂತಿ ಮಾಡಿಕೊಂಡ. ಯಾರೋ ಓಮಿನ ಕಷಾಯ ಕೊಟ್ಟರು. ನೋವು ಹೊಟ್ಟೆಯದಲ್ಲ, ಅದರ ಕೆಳಗಿನದು ಎಂಬುದನ್ನು ನಾಚಿಕೆಯಿಂದ ಆತ ಯಾರಿಗೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಮೂರನೆಯ ದಿನ ತಂದೆ ಬಂದು ಬಸ್ಸಿನಲ್ಲಿ ಮೈಸೂರಿಗೆ ಕರೆದೊಯ್ದರು. ವೃಷಣ ತನ್ನ ಬುಡದಲ್ಲಿಯೇ ತಿರುಚಿಕೊಂಡು, ರಕ್ತ ನಿಂತು, ಕಪ್ಪಾಗಿಹೋಗಿತ್ತು. ಅದನ್ನು ತೆಗೆಯದೆ ಬೇರೆ ದಾರಿಯಿರಲಿಲ್ಲ.

ಆತ ಇಂದು ಸಂಸಾರವಂತ ರೈತ. ಉಳಿದೊಂದು ಆರೋಗ್ಯವಾಗಿದ್ದರೆ ಸಾಕೆಂದು ವೈದ್ಯರು ಅಂದೇ ಧೈರ್ಯ ಹೇಳಿದ್ದರು, ಮಕ್ಕಳೂ ಆದರು. ಆತನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. "ಬರೀರಿ ಸಾರ್, ಇನ್ನೊಬ್ಬ ಹುಡುಗನಿಗೆ ಆಗೋದು ಬೇಡ" ಎಂದ. ಆದರೆ ಅಂದಿನ ಆ ಒಂದು ಗಂಟೆಯನ್ನು ನಾನು ಇಂದಿಗೂ ಮರೆತಿಲ್ಲ.

ವೈದ್ಯಶಾಸ್ತ್ರ ಹೇಳುವ ಪ್ರಕಾರ ಹೀಗೆ ತಿರುಚಿಕೊಂಡ ವೃಷಣವನ್ನು ಸುಮಾರು ಆರು ಗಂಟೆಯೊಳಗೆ ಬಿಡಿಸಿದರೆ ಬಹುತೇಕ ಉಳಿಯುತ್ತದೆ. ಇಪ್ಪತ್ತನಾಲ್ಕು ಗಂಟೆ ಕಳೆದರೆ ಉಳಿಯುವುದು ಅಪರೂಪ. ಲಕ್ಷಣಗಳು ಸ್ಪಷ್ಟವಾಗಿದ್ದರೆ ಸ್ಕ್ಯಾನಿಂಗ್‌ಗೂ ಕಾಯದೆ ಶಸ್ತ್ರವೈದ್ಯರ ಬಳಿಗೆ ಓಡಬೇಕು. ಸೋಂಕಿನಿಂದಲೂ ಇದೇ ರೀತಿ ಊದಿಕೊಂಡು ನೋಯುವುದುಂಟು. ಅಂಥ ಸಂದೇಹದಲ್ಲಿ, ರಕ್ತ ಹರಿಯುತ್ತಿದೆಯೇ ಇಲ್ಲವೇ ಎಂಬುದನ್ನು ಬಣ್ಣದಲ್ಲಿ ತೋರಿಸುವ ಡಾಪ್ಲರ್ ಪರೀಕ್ಷೆ ಕೆಲವೇ ನಿಮಿಷಗಳಲ್ಲಿ ದಾರಿ ತೋರಬಲ್ಲದು. ಪಿರಿಯಾಪಟ್ಟಣದಿಂದ ಮೈಸೂರಿಗೆ ಸುಮಾರು 70 ಕಿಲೋಮೀಟರ್. ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ, ಡಿ.ಬಿ. ಕುಪ್ಪೆಯ ಕಡೆಯ ಹಾಡಿಗಳಿಂದ ಇನ್ನೂ ದೂರ. ಆರು ಗಂಟೆಯಲ್ಲಿ ನಾಚಿಕೆಗೆ ಎರಡು, ಬಸ್ಸಿಗೆ ಎರಡು ಹೋದರೆ ಉಳಿಯುವುದೆಷ್ಟು? ತಾಲ್ಲೂಕು ಕೇಂದ್ರದಲ್ಲಿಯೇ ನೋಡಬಲ್ಲವರಿದ್ದರೆ ಸಮಯ ಉಳಿಯುತ್ತದೆ.

ಆದರೆ ನೋಡಬಲ್ಲವರು ಎಂಬ ಮಾತಿಗೆ ಒತ್ತು ಕೊಡಬೇಕು. ಅರ್ಧ ತಿರುಚಿಕೊಂಡ ಸ್ಥಿತಿಯಲ್ಲಿ ಸ್ವಲ್ಪ ರಕ್ತ ಹರಿಯುತ್ತಲೇ ಇರುತ್ತದೆ. ಅರೆಕಲಿತವನು ಬಣ್ಣ ಕಂಡೊಡನೆ "ಏನೂ ತೊಂದರೆಯಿಲ್ಲ" ಎಂದು ಬರೆದುಕೊಟ್ಟರೆ ಆ ಕಾಗದವೇ ಹುಡುಗನಿಗೆ ಮುಳುವಾಗುತ್ತದೆ. ಸ್ಕ್ಯಾನಿಂಗ್ ಆಗದಿದ್ದರೆ ವೈದ್ಯರ ಸಂದೇಹವಾದರೂ ಉಳಿಯುತ್ತಿತ್ತು.

ಅರೆಕಲಿಕೆಯ ಅಪಾಯ ಇನ್ನೊಂದು ದಿಕ್ಕಿನಲ್ಲಿಯೂ ಉಂಟು. ಥೈರಾಯ್ಡ್ ಗಂಟು ಬೆರಳಿಗೆ ಸಿಗುವುದು ನೂರರಲ್ಲಿ ನಾಲ್ಕೈದು ಜನರಲ್ಲಿ. ಯಂತ್ರ ಇಟ್ಟು ಹುಡುಕಿದರೆ ಅದರ ಹಲವು ಪಟ್ಟು ಜನರಲ್ಲಿ ಏನಾದರೊಂದು ಕಂಡೇ ಕಾಣುತ್ತದೆ. ಬಹುಪಾಲು ನಿರಪಾಯಕಾರಿ. ದಕ್ಷಿಣ ಕೊರಿಯಾದಲ್ಲಿ ಆರೋಗ್ಯವಂತರಿಗೂ ಈ ಪರೀಕ್ಷೆ ಮಾಡುವ ರೂಢಿ ಬೆಳೆದು, 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯ ಪ್ರಮಾಣ 1993ರ ಹದಿನೈದು ಪಟ್ಟಾಯಿತು. ಆ ಒಂದು ವರ್ಷದಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಜನರಿಗೆ ಕ್ಯಾನ್ಸರ್ ಎಂದು ಹೇಳಲಾಯಿತು. ಆದರೆ ಅದರಿಂದ ಸಾಯುವವರ ಪ್ರಮಾಣ ಮೊದಲಿದ್ದಂತೆಯೇ ಇತ್ತು. ಅಂದರೆ ತೊಂದರೆ ಕೊಡದೆ ಜೀವಮಾನವಿಡೀ ಸುಮ್ಮನಿರುತ್ತಿದ್ದ ಗಂಟುಗಳಿಗಾಗಿ ಸಹಸ್ರಾರು ಜನ ಕುತ್ತಿಗೆ ಕೊಯ್ಯಿಸಿಕೊಂಡು ಬಾಳೆಲ್ಲ ಮಾತ್ರೆ ನುಂಗುವಂತಾಯಿತು. 2014ರಲ್ಲಿ ವೈದ್ಯರೇ ಇದನ್ನು ಬಹಿರಂಗವಾಗಿ ಪ್ರಶ್ನಿಸಿದ ಬಳಿಕ ಶಸ್ತ್ರಚಿಕಿತ್ಸೆಗಳು ಗಣನೀಯವಾಗಿ ಇಳಿದವು.

ಇದನ್ನು ತಡೆಯಲೆಂದೇ ಈಗ ಶ್ರೇಣಿಗಳಿವೆ. ಅಮೆರಿಕದ ವಿಕಿರಣ ತಜ್ಞರ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕ್ರಮದಲ್ಲಿ ಗಂಟಿನೊಳಗಿನ ರಚನೆ, ಅದರ ಹೊಳಪು, ಆಕಾರ, ಅಂಚು, ಬಿಳಿಚುಕ್ಕೆಗಳು ಎಂಬ ಐದು ಅಂಶಗಳಿಗೆ ಅಂಕ ಕೊಡುತ್ತಾರೆ. ಒಟ್ಟು ಅಂಕ ಮತ್ತು ಗಾತ್ರ ನೋಡಿ ಸೂಜಿ ಪರೀಕ್ಷೆ ಬೇಕೇ ಬೇಡವೇ ಎಂದು ತೀರ್ಮಾನಿಸುತ್ತಾರೆ. ಅತಿ ಸಂದೇಹದ ಗಂಟಾದರೂ ಒಂದು ಸೆಂಟಿಮೀಟರಿಗಿಂತ ಚಿಕ್ಕದಾಗಿದ್ದರೆ ಸಾಮಾನ್ಯವಾಗಿ ಸೂಜಿ ಹಾಕುವುದಿಲ್ಲ. ಅಂಕ ಕೊಡುವ ಕೆಲಸ ಮೇಷ್ಟರಿಗೆ ಹೊಸದಲ್ಲ. ಉತ್ತರಪತ್ರಿಕೆ ಓದದೆ ಅಂಕ ಹಾಕುವವನು ಎಂಥ ಮೇಷ್ಟರೆಂಬುದೂ ನಿಮಗೆ ಗೊತ್ತು.

ಇನ್ನು ಕಾನೂನಿನ ವಿಚಾರ. ಭ್ರೂಣಲಿಂಗ ಪತ್ತೆ ನಿಷೇಧದ ಕಾಯಿದೆ 1994ರಲ್ಲಿ ಬಂದು 1996ರ ಜನವರಿ 1ರಿಂದ ಜಾರಿಗೊಂಡಿತು. 2003ರಲ್ಲಿ ತಿದ್ದುಪಡಿಯಾಗಿ ಬಿಗಿಯಾಯಿತು. ಕುತ್ತಿಗೆಯನ್ನಷ್ಟೇ ನೋಡುತ್ತೇನೆಂದರೂ ಯಂತ್ರವನ್ನು ನೋಂದಾಯಿಸಲೇಬೇಕು. ಕಲಿಯುವವರಿಗೆ ಇದು ಅಡ್ಡಿಯೆಂದು ಕೆಲವು ವೈದ್ಯಮಿತ್ರರು ಗೊಣಗುವುದನ್ನು ಕೇಳಿದ್ದೇನೆ. ಅವರ ಕಷ್ಟ ಅರ್ಥವಾಗುತ್ತದೆ. ಆದರೆ ಕಾಯಿದೆಯನ್ನು ಸಡಿಲಿಸಬೇಕೆಂಬುದನ್ನು ನಾನು ಒಪ್ಪಲಾರೆ. ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ದೇಶದಲ್ಲಿ 1991ರಲ್ಲಿ 945 ಹೆಣ್ಣುಮಕ್ಕಳಿದ್ದರು, 2001ರಲ್ಲಿ 927. 2023ರ ನವೆಂಬರಿನಲ್ಲಿ ನಮ್ಮ ಪಕ್ಕದ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಭ್ರೂಣಲಿಂಗ ಪತ್ತೆ ನಡೆಯುತ್ತಿತ್ತೆಂಬ ಆರೋಪದ ಜಾಲವನ್ನು ಪೊಲೀಸರು ಬಯಲಿಗೆಳೆದದ್ದನ್ನು ನೀವೆಲ್ಲ ಓದಿದ್ದೀರಿ. ಬೆಲ್ಲ ಕಾಯಿಸುವ ಮನೆಯಲ್ಲಿ ಇಂಥ ಕೆಲಸ! ಶೋಧಕ ಬದಲಿಸಿದರೆ ಕುತ್ತಿಗೆ ನೋಡುವ ಯಂತ್ರವೇ ಗರ್ಭವನ್ನೂ ನೋಡುತ್ತದೆ. ಆದುದರಿಂದ ಯಂತ್ರದ ಮೇಲೆ ಕಣ್ಣಿರಲೇಬೇಕು.

ನನ್ನ ಆಕ್ಷೇಪಣೆ ಬೇರೆಯದು. ಎಂ.ಬಿ.ಬಿ.ಎಸ್. ವೈದ್ಯರು ಸ್ಕ್ಯಾನಿಂಗ್ ಮಾಡಬೇಕಾದರೆ ಆರು ತಿಂಗಳ ತರಬೇತಿ ಬೇಕೆಂದು 2014ರಲ್ಲಿ ನಿಯಮ ಬಂದಿತು. ನ್ಯಾಯಾಲಯಗಳಲ್ಲಿಯೂ ಅದರ ಚರ್ಚೆ ನಡೆದಿದೆ. ಆ ತರಬೇತಿಯ ಹೆಸರಿನಲ್ಲಿಯೇ ಹೊಟ್ಟೆ ಮತ್ತು ಕಿಬ್ಬೊಟ್ಟೆ ಎಂದಿದೆ. ಸಣ್ಣ ಅಂಗಗಳ ವಿದ್ಯೆ ಅದರ ಉದ್ದೇಶವಲ್ಲ. ಬಾಗಿಲನ್ನು ಕಾಯುವುದು ಸರ್ಕಾರದ ಕರ್ತವ್ಯ. ಹಾಗೆಯೇ, ಯೋಗ್ಯರಿಗೆ ಬಾಗಿಲು ತೆರೆದು ಒಳಗೆ ಪಾಠ ಹೇಳಿಸುವುದೂ ಅದರ ಕರ್ತವ್ಯವೇ. ತಾಲ್ಲೂಕು ಆಸ್ಪತ್ರೆಯ ಒಬ್ಬಿಬ್ಬರು ವೈದ್ಯರನ್ನು ವಾರಕ್ಕೊಂದು ದಿನ ಮೈಸೂರಿನ ವೈದ್ಯಕೀಯ ಕಾಲೇಜಿಗೆ ಕಳುಹಿಸಿ, ತಜ್ಞರ ಪಕ್ಕದಲ್ಲಿ ಕೂರಿಸಿ ಕಲಿಸಲಿ. ನೋಡಿದ ಪ್ರತಿಯೊಂದು ಗಂಟನ್ನೂ ಅವರು ನೋಟುಪುಸ್ತಕದಲ್ಲಿ ಬರೆದಿಟ್ಟು, ಮುಂದೆ ಸೂಜಿ ಪರೀಕ್ಷೆ ಅಥವಾ ಶಸ್ತ್ರಚಿಕಿತ್ಸೆ ಏನು ಹೇಳಿತೆಂಬುದನ್ನು ಎದುರಿಗೆ ನಮೂದಿಸಲಿ. ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳದವನಿಗೆ ಯಾವ ವಿದ್ಯೆಯೂ ಒಲಿಯದು. ಪ್ರತಿ ತಾಲ್ಲೂಕು ಆಸ್ಪತ್ರೆಯ ಯಂತ್ರಕ್ಕೂ ಮೇಲ್ಪದರ ನೋಡುವ ಶೋಧಕ ಮತ್ತು ಡಾಪ್ಲರ್ ಇರಲಿ.

ಉಳಿದದ್ದು ನಮ್ಮ ಪಾಲಿನ ಕೆಲಸ. ನನ್ನ ಶಿಷ್ಯರಲ್ಲಿ ಅಧ್ಯಾಪಕರಾದವರು ಅನೇಕರಿದ್ದೀರಿ. ಎಂಟು, ಒಂಬತ್ತನೇ ತರಗತಿಯ ಹುಡುಗರಿಗೆ ವರ್ಷಕ್ಕೊಮ್ಮೆಯಾದರೂ, ಕದ ಮುಚ್ಚಿಕೊಂಡು, ನೇರವಾಗಿ ಹೇಳಿರಿ: ವೃಷಣದಲ್ಲಿ ಇದ್ದಕ್ಕಿದ್ದಂತೆ ನೋವು ಬಂದರೆ ನಾಚದೆ ಆ ಕ್ಷಣವೇ ಹೇಳಬೇಕು, ರಾತ್ರಿಯಾದರೂ ಎಬ್ಬಿಸಬೇಕು. ಹುಡುಗ ಹೊಟ್ಟೆನೋವೆಂದರೆ "ಎಲ್ಲಿ?" ಎಂದು ಇನ್ನೊಂದು ಪ್ರಶ್ನೆ ಕೇಳಿರಿ. ನಾನು ಕೇಳದೆ ಹೋದ ಪ್ರಶ್ನೆ ಅದು. ತಾಯಂದಿರೇ, ಸೋದರಿಯರೇ, ಸ್ತನದಲ್ಲಿ ಗಂಟು ಕಂಡರೆ ಸೊಸೆಗಾಗಲಿ ಮಗಳಿಗಾಗಲಿ ಮರೆಮಾಚಬೇಡಿ. ಎಳೆಯ ವಯಸ್ಸಿನವರಿಗೆ ಸಾಮಾನ್ಯವಾಗಿ ಈ ಪರೀಕ್ಷೆಯೇ ಮೊದಲನೆಯದು, ವಯಸ್ಸಾದವರಿಗೆ ಮ್ಯಾಮೊಗ್ರಫಿಯೂ ಬೇಕಾದೀತು. ಹಾಗೆಂದು ಏನೂ ಇಲ್ಲದೆ ಹೋಗಿ "ಕುತ್ತಿಗೆಯನ್ನೂ ಒಮ್ಮೆ ನೋಡಿಬಿಡಿ" ಎಂದು ಕೇಳುವುದೂ ಬೇಡ.

ಅಕ್ಕನ ವಿಚಾರ ಹೇಳುವುದನ್ನು ಮರೆತೆ. ಆಕೆಯ ಗಂಟು ಹದಿನಾಲ್ಕು ಮಿಲಿಮೀಟರ್. ಒಳಗೆ ಸ್ಪಂಜಿನಂತೆ ಸಣ್ಣ ಸಣ್ಣ ನೀರಿನ ಕೋಣೆಗಳು. ಅಂಕ ಸೊನ್ನೆ. "ಅಮ್ಮ, ಇದಕ್ಕೆ ಸೂಜಿಯೂ ಬೇಡ, ಮಾತ್ರೆಯೂ ಬೇಡ. ದೊಡ್ಡದಾದರೆ ಅಥವಾ ನುಂಗಲು ಕಷ್ಟವಾದರೆ ಬನ್ನಿ," ಎಂದ ಶಿಷ್ಯ. ನನ್ನ ಜೀವನದಲ್ಲಿ ಸೊನ್ನೆ ಅಂಕಕ್ಕೆ ಸಂತೋಷಪಟ್ಟದ್ದು ಅದೇ ಮೊದಲು. ಬಸ್ಸಿನಲ್ಲಿ ಅಕ್ಕ ಬಹಳ ಹೊತ್ತು ಸುಮ್ಮನಿದ್ದು, ಊರು ಹತ್ತಿರ ಬಂದಾಗ, "ಆ ಹುಡುಗನ್ನ ನೀನು ಹೊಡೀತಿದ್ಯೇನೋ ಶಾಲೆಯಲ್ಲಿ?" ಎಂದು ಕೇಳಿದಳು. ಒಮ್ಮೆ ಹೊಡೆದಿದ್ದೆ. ಪ್ರತಿಧ್ವನಿಯ ಲೆಕ್ಕದಲ್ಲಿ ಹೋಗುವ ದೂರವನ್ನೂ ಬರುವ ದೂರವನ್ನೂ ಕೂಡಿಸುವುದನ್ನು ಮರೆತಿದ್ದಕ್ಕೆ.